ವಿಮಾನರಾಯರು

ಮಿಜಾರಿನಲ್ಲಿ ಅಪರಾಹ್ನ ಮೂರು ಗಂಟೆಯ ಸುಮಾರಿಗೆ, ಒಣಗಲೆಂದು ಅಡಿಕೆ ಹರಡಿದ ಅಂಗಳದ ನಡುವೆ, ಬೈರಾಸನ್ನು ಮುಂಡಾಸಿನಂತೆ ಸುತ್ತಿಕೊಂಡು, ಉದ್ದನೆಯ ಕರಿಯ ಕೊಳವೆಯೊಂದನ್ನು ಆಕಾಶಕ್ಕೆ ಗುರಿಹಿಡಿದು ನಿಶ್ಚಲರಾಗಿ ನಿಂತಿರುವ ಗೃಹಸ್ಥರೊಬ್ಬರನ್ನು ಕಂಡ ಅಪರಿಚಿತರು, ಇವರು ಕೋವಿ ಹಿಡಿದು ಮಂಗಗಳನ್ನು ಕಾಯುತ್ತಿರುವರೆಂದೇ ಭಾವಿಸುವುದು ಸಹಜ. ಹಾಗೆ ಭಾವಿಸಿದ ವಿಮಾ ಏಜೆಂಟನೊಬ್ಬನು ಗೇಟಿನಿಂದಲೇ ಹಿಂದಿರುಗಿದನೆಂಬ ಪ್ರತೀತಿಯೂ ಉಂಟು. ವಸ್ತುತಃ ಅದು ಕೋವಿಯಲ್ಲ, ನಾನೂರು ಮಿಲಿಮೀಟರಿನವರೆಗೆ ಚಾಚಿಕೊಳ್ಳುವ ಲೆನ್ಸು; ಅದರ ಹಿಂದಿರುವವರು ಬ್ಯಾಂಕಿನಲ್ಲಿ ಜೀವಮಾನವನ್ನೆಲ್ಲ ತಲೆ ತಗ್ಗಿಸಿ ಕಳೆದು, ನಿವೃತ್ತರಾದ ಮರುದಿನದಿಂದ ತಲೆಯೆತ್ತಿದವರು ಇಂದಿಗೂ ಇಳಿಸದಿರುವ ನಮ್ಮ ನೆರೆಮನೆಯ ರಾಯರು. ತಂದೆತಾಯಿಗಳಿತ್ತ ಹೆಸರು ಅವರಿಗೆ ಬೇರೆಯೇ ಇದೆಯಾದರೂ, ಅದು ಈಗ ಪಿಂಚಣಿಯ ಕಾಗದಪತ್ರಗಳಲ್ಲಿ ಮಾತ್ರ ಉಳಿದಿದೆ. ಊರಿಗೆಲ್ಲ ಅವರು ವಿಮಾನರಾಯರು.

ಈ ವ್ಯಸನದ ಅರ್ಧ ಹೊಣೆಯನ್ನು ಭೂಗೋಳಕ್ಕೇ ಹೊರಿಸಬೇಕು. ಬಜ್ಪೆಯ ವಿಮಾನನಿಲ್ದಾಣದ ದೊಡ್ಡ ರನ್‌ವೇ ನೈರುತ್ಯದಿಂದ ಈಶಾನ್ಯಕ್ಕೆ ಚಾಚಿಕೊಂಡಿರುವುದರಿಂದಲೂ, ಮಿಜಾರು ಅದರ ಈಶಾನ್ಯ ದಿಕ್ಕಿಗೇ ಬೀಳುವುದರಿಂದಲೂ, ವಿಮಾನಗಳು ಗಾಳಿಗೆ ಎದುರಾಗಿ ಇಳಿಯುವುದು ಸಂಪ್ರದಾಯವಾದುದರಿಂದಲೂ, ಮಧ್ಯಾಹ್ನದ ಮೇಲೆ ಕಡಲಗಾಳಿ ಏಳುತ್ತಲೇ ಬಜ್ಪೆಗೆ ಬರುವ ವಿಮಾನಗಳು ನಮ್ಮ ಕಡೆಯಿಂದ ಹಾದು ಇಳಿಯುತ್ತವೆ. ನಮಗೆ ಆ ಸದ್ದು ಚಹಾಕ್ಕೆ ನೀರಿಡುವ ಸೂಚನೆ; ರಾಯರಿಗೆ ಮಹಾಮಂಗಳಾರತಿಯ ಜಾಗಟೆ. ಎರಡು ಇಂಜಿನಿಯರಿಂಗ್ ಕಾಲೇಜುಗಳಿರುವ ಈ ಊರಿನಲ್ಲಿ, ವಿಮಾನಶಾಸ್ತ್ರವನ್ನೇ ಕಲಿಯುತ್ತಿರುವ ಹುಡುಗರು ಹೋಟೆಲಿನಲ್ಲಿ ಕೂತಿರುವಾಗ ರಾಯರು ಒಳಬಂದರೆ, ತಿನ್ನುತ್ತಿದ್ದ ಬನ್ಸನ್ನು ಅರ್ಧಕ್ಕೇ ಬಿಟ್ಟು ಎದ್ದುಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾಲ್ಕು ವರ್ಷದ ಪಾಠದ ಮೇಲೆ ರಾಯರು ನಾಲ್ಕು ನಿಮಿಷದಲ್ಲಿ ಪ್ರಶ್ನೆ ಕೇಳಿ ಮುಗಿಸಬಲ್ಲರು.

ಅವರ ಸಲಕರಣೆಗಳ ವಿಚಾರವನ್ನು ಅವರ ಪತ್ನಿಯ ಬಾಯಿಂದಲೇ ಕೇಳಬೇಕು. ನಮ್ಮ ಸೀಮೆಯ ಮಳೆಗಾಲದಲ್ಲಿ ಬೂಸು ಹಿಡಿಯದ ವಸ್ತುವಿಲ್ಲವಷ್ಟೆ. ಲೆನ್ಸಿನ ಗಾಜಿನೊಳಗೂ ಅದು ಬೇರುಬಿಡುವುದೆಂದು ಅರಿತ ರಾಯರು, ಮನೆಯಲ್ಲಿ ಗಾಳಿಯಾಡದ ಪಾತ್ರೆ ಯಾವುದೆಂದು ಶೋಧಿಸಿ, ಹಲಸಿನ ಹಪ್ಪಳದ ಡಬ್ಬಿಯನ್ನು ಸ್ವಾಧೀನಪಡಿಸಿಕೊಂಡರು. ಹಪ್ಪಳಗಳು ಆ ವರ್ಷ ಆಟಿ ತಿಂಗಳಿನ ತೇವಕ್ಕೆ ಮೆತ್ತಗಾಗಿ ಬಟ್ಟೆಯ ಚೂರುಗಳಂತಾದವು. ಲೆನ್ಸು ಮಾತ್ರ ನಿರ್ಮಲವಾಗಿ, ಇಂಗು ಮೆಣಸಿನ ಪರಿಮಳದಿಂದ ಕೂಡಿ, ಇಂದಿಗೂ ವಿರಾಜಿಸುತ್ತಿದೆ. ಅದನ್ನು ಕಣ್ಣಿಗಿಟ್ಟು ನೋಡುವ ಅವಕಾಶ ನನಗೂ ಒಮ್ಮೆ ಒದಗಿತು. ಮೊದಲು ಸೀನು ಬಂತು, ಅನಂತರ ವಿಮಾನ ಕಂಡಿತು. ಬೆಂಗಳೂರಿನಿಂದ ಬರುವ ಎಟಿಆರ್ ವಿಮಾನದ ಚಿತ್ರವೊಂದನ್ನು ಆ ವೇಳೆಯಲ್ಲಿ ನಾನೇ ತೆಗೆದು ಹೆಮ್ಮೆಯಿಂದ ತೋರಿಸಿದೆನು. ರಾಯರು ಅದನ್ನು ಬಹುಹೊತ್ತು ಈಕ್ಷಿಸಿ, "ಎಂತ ಮಾರಾಯ್ರೆ, ಕರೆಂಟು ಹೋದ ಫ್ಯಾನಿನ ಹಾಗೆ ಕಾಣ್ತದೆ," ಎಂದರು. ಪಂಖದ ವಿಮಾನಕ್ಕೆ ಶಟರು ಸೆಕೆಂಡಿನ ನೂರಿಪ್ಪತ್ತೈದನೆಯ ಒಂದು ಪಾಲಿನಷ್ಟು ನಿಧಾನವಾಗಿರಬೇಕಂತೆ, ಇಲ್ಲವಾದರೆ ತಿರುಗುವ ಅಲಗುಗಳು ನಿಂತಂತೆ ಮೂಡುವುವಂತೆ.

ಆದರೆ ಎಟಿಆರ್, ಏರ್‌ಬಸ್ 320, ಬೋಯಿಂಗ್ 737 ಎಂಬಿವೆಲ್ಲ ರಾಯರ ದೃಷ್ಟಿಯಲ್ಲಿ ದಿನನಿತ್ಯದ ಗಂಜಿಯೂಟ. ಅವರ ಆರಾಧ್ಯದೈವವು ಉಕ್ರೇನಿನ ಸರಕುವಿಮಾನ ಆಂಟೊನೊವ್ 124. ಇಪ್ಪತ್ತನಾಲ್ಕು ಚಕ್ರ, ನಾಲ್ಕು ಎಂಜಿನು, ಮೂತಿಯನ್ನೇ ಮೇಲೆತ್ತಿ ಹೊಟ್ಟೆಯನ್ನು ತೆರೆಯುವ ಗಜಸ್ವರೂಪ. ಅದರ ರೆಕ್ಕೆಗಳ ಹರವು 73 ಮೀಟರೆಂದರೆ ಅಂಗಡಿಯ ಜಗಲಿಯಲ್ಲಿ ಕೂತವರಿಗೆ ತಿಳಿಯಲಿಲ್ಲವಾಗಿ, ರಾಯರು ಕಂಬಳದ ಅಳತೆಗೋಲನ್ನು ಹಿಡಿದರು. ನಮ್ಮೂರಿನ ಶ್ರೀನಿವಾಸ ಗೌಡರು 2020ರಲ್ಲಿ ಐಕಳದ ಕಂಬಳದಲ್ಲಿ ಕೋಣಗಳೊಡನೆ 13.62 ಸೆಕೆಂಡಿನಲ್ಲಿ ಓಡಿ ಲೋಕವೆಲ್ಲ ಬೆರಗಾಗುವಂತೆ ಮಾಡಿದ ಕರೆಯ, ಎಂದರೆ ಓಟದ ಗದ್ದೆಯ, ಉದ್ದ 142.5 ಮೀಟರಷ್ಟೆ, ಆ ಕರೆಯಲ್ಲಿ ಈ ವಿಮಾನವನ್ನು ಅಡ್ಡಲಾಗಿ ಮಲಗಿಸಿದರೆ ರೆಕ್ಕೆಗಳೇ ಅರ್ಧಕ್ಕಿಂತ ಮಿಕ್ಕಿ ಆಕ್ರಮಿಸುವುವು. "ಹಾಗಾದ್ರೆ ಕೋಣ ಓಡುದು ಎಲ್ಲಿ?" ಎಂದು ಒಬ್ಬರು ಕೇಳಿದರು. ಅಲ್ಲಿಗೆ ಪ್ರವಚನ ನಿಂತಿತು.

ಈ ದೈವವು ಬಜ್ಪೆಗೆ ಬರುವುದೇ? ತುಂಬಿದ ಹೊಟ್ಟೆಯಲ್ಲಿ ಮೇಲೇರಲು ಅದಕ್ಕೆ 3,000 ಮೀಟರಿನಷ್ಟು ಓಟ ಬೇಕು. ಗುಡ್ಡದ ನೆತ್ತಿಯ ಮೇಲೆ ಮೇಜಿನಂತೆ ಮಲಗಿರುವ ನಮ್ಮ ರನ್‌ವೇ 2,450 ಮೀಟರಿನದು. ಇದನ್ನು ರಾಯರಷ್ಟು ಚೆನ್ನಾಗಿ ಬಲ್ಲವರು ಜಿಲ್ಲೆಯಲ್ಲಿಲ್ಲ. ಬಲ್ಲವರಾದರೂ ಪ್ರತಿರಾತ್ರಿ ಮಲಗುವ ಮುನ್ನ ಮೊಬೈಲಿನ ನಕ್ಷೆಯಲ್ಲಿ ಭೂಮಂಡಲದ ಆಂಟೊನೊವ್‌ಗಳೆಲ್ಲ ಎಲ್ಲೆಲ್ಲಿವೆಯೆಂದು ಒಮ್ಮೆ ವಿಚಾರಿಸಿಕೊಂಡೇ ದೀಪವಾರಿಸುತ್ತಾರೆ.

ಅವುಗಳ ಹಿರಿಯಣ್ಣನಾದ, ಲೋಕದಲ್ಲಿ ಏಕಮಾತ್ರವಾಗಿದ್ದ ಆರು ಎಂಜಿನಿನ ಆಂಟೊನೊವ್ 225, ಅಂದರೆ 'ಮ್ರಿಯಾ', 2016ರ ಮೇ ತಿಂಗಳಿನಲ್ಲಿ ಹೈದರಾಬಾದಿಗೆ ಬಂದಿಳಿಯಿತು. ಮೇ ತಿಂಗಳೆಂದರೆ ನಮ್ಮಲ್ಲಿ ಮದುವೆಯ ತಿಂಗಳು. ಅಣ್ಣನ ಮಗಳ ಧಾರೆಗೆ ಅಕ್ಕಿ ಆರಿಸುವುದರಿಂದ ಹಿಡಿದು ಹೋಳಿಗೆ ಬಡಿಸುವವರೆಗೆ ರಾಯರಿಲ್ಲದೆ ನಡೆಯದೆಂದು ಮನೆಯವರು ಪಟ್ಟುಹಿಡಿದ ಕಾರಣ, ಅವರು ಹೈದರಾಬಾದಿಗೆ ಹೋಗದೆ ಹೋಳಿಗೆ ಬಡಿಸಿದರು. ಆ ದಂಪತಿಗಳಿಗೀಗ ಎರಡು ಮಕ್ಕಳು. ಅವುಗಳನ್ನು ಕಂಡಾಗಲೆಲ್ಲ ರಾಯರ ಮುಖದಲ್ಲಿ ಒಂದು ಮೋಡ ಹಾಯುತ್ತದೆ. 2022ರ ಫೆಬ್ರುವರಿಯಲ್ಲಿ, ಉಕ್ರೇನಿನ ಯುದ್ಧದ ಮೊದಲ ದಿನಗಳಲ್ಲಿಯೇ, ಮ್ರಿಯಾ ತನ್ನ ತವರಾದ ಹೊಸ್ತೊಮೆಲಿನ ನಿಲ್ದಾಣದಲ್ಲಿ ಭಸ್ಮವಾಯಿತು. ಆ ಹೆಸರಿಗೆ ಉಕ್ರೇನಿಯರ ಭಾಷೆಯಲ್ಲಿ ಕನಸು ಎಂದರ್ಥವಂತೆ. ಸುದ್ದಿ ಕೇಳಿದ ರಾಯರು ಏನೂ ಮಾತಾಡದೆ ಬಾವಿಕಟ್ಟೆಗೆ ಹೋಗಿ ತಲೆಗೆ ನಾಲ್ಕು ಕೊಡಪಾನ ನೀರು ಸುರಿದುಕೊಂಡರು. ನೋಡಿದವರು ಯಾರು ತೀರಿಕೊಂಡರೆಂದು ವಿಚಾರಿಸಲು ಬಂದರು. ನಾನೂ ಬಂದೆನು, ನಗಲಾರದೆ ಹಿಂದಿರುಗಿದೆನು.

ವಿರಳ ಅತಿಥಿಗಳ ವಿಷಯದಲ್ಲಿ ವಿಧಿಯು ಅವರೊಡನೆ ವಿನೋದವಾಡುತ್ತಲೇ ಬಂದಿದೆ. 1951ರ ಡಿಸೆಂಬರ್ 25ರಂದು ಜವಾಹರಲಾಲ ನೆಹರೂ ಅವರು ಡಗ್ಲಾಸ್ ಡಿಸಿ-3 ವಿಮಾನದಲ್ಲಿ ಬಂದು ಬಜ್ಪೆಯ ನಿಲ್ದಾಣವನ್ನು ಉದ್ಘಾಟಿಸಿದಾಗ ರಾಯರ ತೀರ್ಥರೂಪರು ಗುಂಪಿನಲ್ಲಿದ್ದರು. ನೆಹರೂ ಅವರ ಟೊಪ್ಪಿಯನ್ನೂ ಗುಲಾಬಿಯನ್ನೂ ಅವರು ಸಾಯುವವರೆಗೆ ವರ್ಣಿಸಿದರು. "ಬಾಲದ ಮೇಲಿನ ನಂಬರು ಎಂತದೂಂತ ಅಪ್ಪಯ್ಯ ನೋಡ್ಲೇ ಇಲ್ಲ," ಎಂದು ರಾಯರು ಇಂದಿಗೂ ನಿಟ್ಟುಸಿರಿಡುತ್ತಾರೆ. 2025ರ ಜೂನಿನಲ್ಲಿ ಬ್ರಿಟಿಷರ ಎಫ್-35 ಯುದ್ಧವಿಮಾನವೊಂದು ತಿರುವನಂತಪುರದಲ್ಲಿ ಇಳಿದು, ಕೆಟ್ಟು, ಮಳೆಯಲ್ಲಿ ನೆನೆದು, ಐದು ವಾರ ಅಲ್ಲಿಯೇ ಉಳಿದುದಷ್ಟೆ. ಇಷ್ಟು ಸಾವಕಾಶದ ಅತಿಥಿ ಇನ್ನೆಂದಿಗೆ ದೊರಕೀತು? ತೋಟಕ್ಕೆ ಮದ್ದು ಬಿಡಿಸಿ, ತಲೆನೋವು ಕಳೆದು, ರಾಯರು ಮಲಬಾರ್ ಎಕ್ಸ್‌ಪ್ರೆಸ್ ಹತ್ತಿ ಅಲ್ಲಿಗೆ ತಲುಪುವ ಹಿಂದಿನ ದಿನ, ಅಂದರೆ ಜುಲೈ 6ರಂದು, ಅದನ್ನು ಎಳೆದು ಹ್ಯಾಂಗರಿನೊಳಗೆ ಇಟ್ಟಿದ್ದರು. ದೂರದಿಂದ ತೆಗೆದ ಆ ಹ್ಯಾಂಗರಿನ ಚಿತ್ರವು ರಾಯರ ಜಗಲಿಯಲ್ಲಿ ಚೌಕಟ್ಟು ಹಾಕಿಸಿಕೊಂಡು ತೂಗುತ್ತಿದೆ. ಬಂದವರಿಗೆ ಅವರು ಬೆರಳಿಟ್ಟು ತೋರಿಸುತ್ತಾರೆ: "ಇದರ ಒಳಗೆ ಉಂಟು."

ದುಬೈಯಿಂದ ಅಳಿಯಂದಿರು ಬಂದ ಕಥೆಯನ್ನು ಹೇಳದಿದ್ದರೆ ಈ ಚಿತ್ರ ಅಪೂರ್ಣ. ಮಗಳು ಮುಂದಾಗಿಯೇ ಬಾಣಂತನಕ್ಕೆ ಬಂದಿದ್ದಳಾದುದರಿಂದ, ಕೂಸನ್ನು ನೋಡಲು ಬರುವ ಅಳಿಯನನ್ನು ಕರೆತರುವ ಭಾರ ರಾಯರ ಮೇಲೆ ಬಿತ್ತು. ಅವರು ಮನೆಯಿಂದ ಹೊತ್ತಿಗೆ ಮುಂಚೆಯೇ ಹೊರಟರೆಂಬುದಕ್ಕೆ ನಾನೇ ಸಾಕ್ಷಿ. ಆದರೆ ಅದ್ಯಪಾಡಿಯ ಗುಡ್ಡದ ಬಳಿ ಬೆಳಕು ಬಂಗಾರದಂತಿತ್ತು; ಅಳಿಯನ ವಿಮಾನವನ್ನು ಹಿಡಿದ ಮೇಲೆ, ಅದರ ಬೆನ್ನಿಗೇ ಬಾಲಕ್ಕೆ ಹೊಸ ಬಣ್ಣ ಬಳಿದುಕೊಂಡ ಇನ್ನೊಂದು ಬರುವ ಸೂಚನೆ ಮೊಬೈಲಿನಲ್ಲಿ ಕಂಡಿತು. ಎರಡು ಗಂಟೆಯ ಕಾಲ ಪೆಟ್ಟಿಗೆಗಳೊಡನೆ ಹೊರಗೆ ನಿಂತ ಅಳಿಯಂದಿರು, ಕೊನೆಗೆ ಮಾವನವರ ಕಾರು ಬಂದಾಗ ಏನನ್ನೋ ಆಡಲು ಬಾಯಿತೆರೆದರು. ರಾಯರು ಅದಕ್ಕೆ ಎಡೆಗೊಡದೆ ಕೇಳಿದರು: "ನೀವು ಕೂತದ್ದು ಎಡಬದಿಯಲ್ಲೋ ಬಲಬದಿಯಲ್ಲೋ?"

"ಎಡಬದಿ. ಹದಿನಾಲ್ಕನೇ ಸಾಲು."

"ಹಾಗಾದ್ರೆ ನೀವೂ ಬಂದಿದ್ದೀರಿ," ಎಂದು ರಾಯರು ಪರಮಾನಂದದಿಂದ ಕ್ಯಾಮರಾದ ಪರದೆಯನ್ನು ಹಿಗ್ಗಿಸಿ, ರೆಕ್ಕೆಯ ಮೇಲಿನ ಕಿಟಕಿಯೊಂದರಲ್ಲಿದ್ದ ಬೂದುಬಣ್ಣದ ಚುಕ್ಕೆಯನ್ನು ತೋರಿಸಿದರು.

ಕಳೆದ ಮಳೆಗಾಲದ ನಡುವೆ ಎರಡು ದಿನ ಬಿಸಿಲು ಬಿದ್ದಾಗ, ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡಲು ಮರವೇರುವ ಆಳು ಸಿಕ್ಕದೆ, ರಾಯರ ಪತ್ನಿಯವರು ತಾವೇ ಫೋನು ಮಾಡಿ ಡ್ರೋನಿನ ಹುಡುಗನನ್ನು ಕರೆಸಿದರು. ಮೈಲುತುತ್ತಿನ ನೀಲಿ ನೀರನ್ನು ಹೊಟ್ಟೆಯಲ್ಲಿ ಹೊತ್ತು, ಆರು ಪಂಖಗಳಿಂದ ಅಂಗಳದ ತರಗೆಲೆಯನ್ನೆಲ್ಲ ಎಬ್ಬಿಸುತ್ತ ಆ ಯಂತ್ರವು ತೋಟದಿಂದ ಮರಳಿ ನೆಲಕ್ಕಿಳಿಯುವ ವೇಳೆಗೆ, ರಾಯರು ಹಪ್ಪಳದ ಡಬ್ಬಿಯನ್ನು ಬರಿದುಮಾಡಿ, ಒದ್ದೆ ಅಂಗಳದಲ್ಲಿ ಬೋರಲಾಗಿ ಮಲಗಿದ್ದರು. ಸರಕು ತುಂಬಿದ ವಿಮಾನವೊಂದು ಮಿಜಾರಿನ ನೆಲದಲ್ಲಿ, ಅದೂ ತಮ್ಮದೇ ಅಂಗಳದಲ್ಲಿ, ಇಳಿಯುತ್ತಿತ್ತು. ಎದ್ದು ಬಂದು ಅದರ ಮೈಮೇಲೆ ಅಂಟಿಸಿದ್ದ ನೋಂದಣಿಯ ನಂಬರನ್ನು ಪುಸ್ತಕದಲ್ಲಿ ಗುರುತು ಹಾಕಿಕೊಂಡು, ಹುಡುಗನೊಡನೆ ವಿನಯದಿಂದ ನುಡಿದರು: "ಇನ್ನೊಮ್ಮೆ ಇಳಿಸ್ತೀರಾ? ಸೂರ್ಯ ಹಿಂದೆ ಇದ್ದ."

ಹುಡುಗನು ಮರ್ಯಾದಸ್ಥ, ಹಿರಿಯರ ಮಾತು ಮೀರದೆ ಆರೇಳು ಸಲ ಏರಿಸಿ ಇಳಿಸಿದನು. ಆ ವೇಳೆಗೆ ತಂದಿದ್ದ ಬ್ಯಾಟರಿಗಳೆಲ್ಲ ಮುಗಿದವು, ಪಡುವಣದಲ್ಲಿ ಮೋಡ ಕವಿದು ಮಳೆ ಹಿಡಿಯಿತು. ತೋಟದ ತೆಂಕುಭಾಗಕ್ಕೆ ಮದ್ದು ಬೀಳಲೇ ಇಲ್ಲ.