ಬೇಕೇ ಬೇಕು ಇನ್ನೊಂದು ಸಾಫ್ಟ್‌ವೇರ್

ಯಂತ್ರ ನಡೆಸುವ ಪಿಎಲ್‌ಸಿಗೆ ಒಂದು ಸಾಫ್ಟ್‌ವೇರ್ ಇದ್ದೇ ಇದೆ, ಅದರ ನೆಟ್‌ವರ್ಕ್ ಹೊಂದಿಸೋಕೆ ಮತ್ತೊಂದು ಯಾಕ್ರೀ ಎಂದು ಕೇಳುವವರಿದ್ದಾರೆ. ಇಂಥವರನ್ನು ಪ್ಲಾಂಟ್ ಮೀಟಿಂಗಿಗೆ ಕರೆಯಲೇಬಾರದು. ಎರಡನೆಯ ಸಾಫ್ಟ್‌ವೇರ್ ಇಲ್ಲದಿದ್ದರೆ ಎರಡನೆಯ ಲೈಸೆನ್ಸ್ ಇಲ್ಲ, ಡಾಂಗಲ್ ಇಲ್ಲ, ಸ್ಟಾರ್ ಹೋಟೆಲಿನಲ್ಲಿ ಟ್ರೈನಿಂಗ್ ಇಲ್ಲ, ಕೊನೆಗೆ ಅಲ್ಲಿ ಕೊಡುವ ಬ್ಯಾಗೂ ಇಲ್ಲ. ಎಷ್ಟು ಮಕ್ಕಳ ಟಿಫಿನ್ ಡಬ್ಬಿ ಇವತ್ತಿಗೂ ಆ ಬ್ಯಾಗಿನಲ್ಲೇ ಸ್ಕೂಲಿಗೆ ಹೋಗುತ್ತಿದೆ ಎಂಬುದನ್ನಾದರೂ ಯೋಚಿಸಬೇಡವೇ?

ಹಿಂದಿನವರಿಗೆ ವ್ಯಾಪಾರ ಗೊತ್ತಿರಲಿಲ್ಲ, ಪಾಪ. 1979ರಲ್ಲಿ ಮೋಡಿಕಾನ್ ಕಂಪನಿ ಮೋಡ್‌ಬಸ್ ತಂದಿತು. ಸಾಧನಕ್ಕೊಂದು ನಂಬರ್, ಬಾಡ್ ರೇಟ್, ಪ್ಯಾರಿಟಿ ಸರಿಯಾಗಿ ಕೂತರೆ ಮಾತುಕತೆ ಶುರು. ಮ್ಯಾನುಯಲ್‌ನಲ್ಲಿ 40001 ಎಂದಿರುವ ರಿಜಿಸ್ಟರು ತಂತಿಯ ಮೇಲೆ ಸೊನ್ನೆಯಾಗಿ ಓಡಾಡುತ್ತದೆ. ಆ ಒಂದರ ವ್ಯತ್ಯಾಸಕ್ಕೆ ನಿದ್ದೆಗೆಟ್ಟವರು ಬಹಳ ಮಂದಿ. ಆದರೆ ಅದು ಪುಕ್ಕಟೆ ತಲೆನೋವು. ಎಷ್ಟೋ ಸಾಧನಗಳಲ್ಲಿ ಅಡ್ರೆಸ್ ಕೊಡಲು ಡಿಪ್ ಸ್ವಿಚ್ ಇರುತ್ತಿತ್ತು. ಕೆಲವು ಪ್ರೊಫಿಬಸ್ ಮಾಡ್ಯೂಲುಗಳಲ್ಲಿ ಎರಡು ಪುಟ್ಟ ರೋಟರಿ ಸ್ವಿಚ್ಚು, ಒಂದು ಹತ್ತರ ಸ್ಥಾನಕ್ಕೆ, ಇನ್ನೊಂದು ಬಿಡಿಗೆ. ಸ್ಕ್ರೂಡ್ರೈವರಿನಿಂದ ತಿರುಗಿಸಿದರೆ ಮುಗಿಯಿತು. ಸ್ಕ್ರೂಡ್ರೈವರ್ ಅಪ್‌ಡೇಟ್ ಕೇಳುವುದಿಲ್ಲ, ವಿಂಡೋಸ್ ಬದಲಾಯಿತೆಂದು ಮುನಿಸಿಕೊಳ್ಳುವುದೂ ಇಲ್ಲ. ಹೀಗಾದರೆ ಯಾವ ಕಂಪನಿ ಉದ್ಧಾರವಾದೀತು?

ಹಾಗಂತ ಎಲ್ಲವನ್ನೂ ನಾಟಕ ಎನ್ನುವ ಹಾಗಿಲ್ಲ. ಕಂಟ್ರೋಲ್‌ನೆಟ್‌ನಲ್ಲಿ ಯಾರು ಯಾವ ಗಳಿಗೆಯಲ್ಲಿ ಮಾತಾಡಬೇಕೆಂಬ ವೇಳಾಪಟ್ಟಿಯನ್ನು ಮೊದಲೇ ಲೆಕ್ಕ ಹಾಕಿ ನೆಟ್‌ವರ್ಕಿಗೆ ತುಂಬಬೇಕಿತ್ತು. ಅದಕ್ಕೆ ಆರ್‌ಎಸ್‌ನೆಟ್‌ವರ್ಕ್ಸ್ ಎಂಬ ಬೇರೆಯದೇ ಸಾಫ್ಟ್‌ವೇರ್ ಇತ್ತು, ಕಾರಣವೂ ಇತ್ತು. ಆ ಸಾಫ್ಟ್‌ವೇರಿನ ಕಂಪನಿಯವರೇ ಈಥರ್‌ನೆಟ್ ಐಪಿಗೆ ಬಂದಾಗ ಆ ವೇಳಾಪಟ್ಟಿಯ ಕೆಲಸವೇ ಹೋಯಿತು. ಸೀಮೆನ್ಸ್‌ನವರೂ ಎಸ್5 ಕಾಲದ ಕಾಮ್ ಪ್ರೊಫಿಬಸ್ ದಾಟಿ ಸ್ಟೆಪ್ 7ರ ಒಳಗೇ ಹಾರ್ಡ್‌ವೇರ್ ಜೋಡಿಸುವ ಅನುಕೂಲ ಕೊಟ್ಟರು. ಬೇರೆ ಕಂಪನಿಯ ಸಾಧನವಾದರೆ ಅದರ ವಿವರವಿರುವ ಜಿಎಸ್‌ಡಿ ಫೈಲ್ ಸೇರಿಸಿದರಾಯಿತು. ಪ್ರೊಫಿಬಸ್‌ನ ಜಿಎಸ್‌ಡಿಯನ್ನಂತೂ ನೋಟ್‌ಪ್ಯಾಡಿನಲ್ಲೇ ಓದಬಹುದು. ದೇವರು ವರ ಕೊಟ್ಟಾಗಿದೆ. ಪೂಜಾರಿ ಕೊಡಬೇಕಲ್ಲ?

ಪೂಜಾರಿಯ ದರ್ಶನಕ್ಕೆ ರಾತ್ರಿ ಪಾಳಿಯಲ್ಲಿ ಪೀಣ್ಯದ ಕಡೆ ಹೋಗಬೇಕು. ಕನ್ವೇಯರ್ ಡ್ರೈವ್ ಸುಟ್ಟಿದೆ. ಸ್ಟೋರ್ಸ್‌ನಿಂದ ಅದೇ ಮಾಡೆಲ್ ತಂದು ಎಲೆಕ್ಟ್ರಿಶಿಯನ್ ವೈರಿಂಗ್ ಮುಗಿಸಿದ್ದಾನೆ. ಕೆಂಪು ದೀಪ ಮಾತ್ರ ಮಿಣುಕುತ್ತಲೇ ಇದೆ.

"ಸಾರ್, ಇದರಲ್ಲಿ ಅಡ್ರೆಸ್ ಸ್ವಿಚ್ ಎಲ್ಲಿ?"

"ಇಲ್ಲಪ್ಪ, ಸಾಫ್ಟ್‌ವೇರ್‌ನಲ್ಲಿ ಹೆಸರು ಕೊಡಬೇಕು."

"ಸಾಫ್ಟ್‌ವೇರ್ ಎಲ್ಲಿದೆ ಸಾರ್?"

"ಲ್ಯಾಪ್‌ಟಾಪ್‌ನಲ್ಲಿ."

"ಲ್ಯಾಪ್‌ಟಾಪು?"

"ಲೈನ್ ಹಾಕಿಕೊಟ್ಟು ಹೋದ್ರಲ್ಲ, ಅವರ ಹತ್ರ."

ಹುಡುಕಿ ತಂದ ಇನ್ನೊಂದು ಲ್ಯಾಪ್‌ಟಾಪಿನಲ್ಲಿ ಸಾಫ್ಟ್‌ವೇರಿನ ಹಳೆಯ ವರ್ಷನ್. ಹೊಸದರಲ್ಲಿ ಸೇವ್ ಮಾಡಿದ ಪ್ರಾಜೆಕ್ಟನ್ನು ಅದು ಕಣ್ಣೆತ್ತಿಯೂ ನೋಡದು. ಟ್ರಯಲ್ ವರ್ಷನ್ ಇಳಿಸಿಕೊಳ್ಳೋಣವೆಂದರೆ ರಿಜಿಸ್ಟ್ರೇಷನ್ ಆಗಬೇಕು, ಅದಕ್ಕೆ ಆಫೀಸಿನ ಇ-ಮೇಲ್ ಬೇಕು, ಇ-ಮೇಲ್‌ನ ಪಾಸ್‌ವರ್ಡ್ ಅವಧಿ ಮುಗಿದಿದೆ, ಅದನ್ನು ಬದಲಿಸುವ ಐಟಿಯವರು ಬರುವುದು ಬೆಳಿಗ್ಗೆ ಒಂಬತ್ತೂವರೆಗೆ. ಅಲ್ಲಿಯವರೆಗೆ ಒಂದಿಡೀ ಪಾಳಿ ಕ್ಯಾಂಟೀನಿನಲ್ಲಿ.

ತಮಾಷೆಯೆಂದರೆ ಈ ಕಾಯಿಲೆಗೆ ಮದ್ದು ಎಂದೋ ಬಂದಿದೆ. ಪ್ರೊಫಿನೆಟ್‌ನಲ್ಲಿ ಯಾವ ಪೋರ್ಟಿನಿಂದ ಯಾವ ಪೋರ್ಟಿಗೆ ಕೇಬಲ್ ಹೋಗಿದೆಯೆಂದು ಪ್ರಾಜೆಕ್ಟಿನಲ್ಲಿ ಬರೆದಿಟ್ಟಿದ್ದರೆ, ಡಬ್ಬಿಯಿಂದ ತೆಗೆದು ಹಾಕಿದ ಹೊಸ ಸಾಧನಕ್ಕೆ ಕಂಟ್ರೋಲರೇ ಅಕ್ಕಪಕ್ಕದವರನ್ನು ವಿಚಾರಿಸಿ ಹೆಸರಿಡಬಲ್ಲದು. ಐಒ-ಲಿಂಕ್ 1.1 ಬಂದ ಮೇಲೆ ಸೆನ್ಸರಿನ ಸೆಟ್ಟಿಂಗನ್ನು ಮಾಸ್ಟರಿನಲ್ಲೇ ಉಳಿಸಿಡಬಹುದು. ಅದೇ ಮಾಡೆಲ್ ಸಿಕ್ಕಿಸಿದರೆ ಮಾಸ್ಟರೇ ತುಂಬಿಕೊಡುತ್ತದೆ. ಆದರೆ ಕಮಿಷನಿಂಗ್ ದಿನ ಪೋರ್ಟುಗಳನ್ನು ಬರೆದಿಡಲು ಪುರುಸೊತ್ತು ಯಾರಿಗಿತ್ತು? ಉದ್ಘಾಟನೆಗೆ ಹಾರ ಬಂದಾಗಿತ್ತು. ಲೈಸೆನ್ಸಿಗೆ ದುಡ್ಡು ಹೋದರೆ ಹೋಗಲಿ, ಮುಂದಿನ ವರ್ಷ ಸಂಪಾದಿಸಬಹುದು. ಕಾರ್ಖಾನೆಯ ಸೆಟ್ಟಿಂಗನ್ನು ಒಯ್ದು ಯಾರದೋ ಲ್ಯಾಪ್‌ಟಾಪಿನ 'ಫೈನಲ್ ಹೊಸದು 2' ಫೋಲ್ಡರಿನಲ್ಲಿ ಬಚ್ಚಿಡುವ ಏರ್ಪಾಡಿಗೆ ಮಾತ್ರ ನನ್ನಲ್ಲಿ ಕ್ಷಮೆಯಿಲ್ಲ.

ಕಂಪನಿಗಳೆಲ್ಲ ಕೂತು ಒಂದೇ ದಾರಿ ಮಾಡಿಕೊಳ್ಳಲಿ ಅಂತೀರಾ? ಕೂತಿದ್ದರು. ಇಂಥ ಕಾರ್ಖಾನೆ ನೆಟ್‌ವರ್ಕುಗಳಿಗೆ, ಅಂದರೆ ಫೀಲ್ಡ್‌ಬಸ್‌ಗೆ, ಒಂದು ಅಂತರರಾಷ್ಟ್ರೀಯ ಮಾನದಂಡ ಬೇಕೆಂದು 1980ರ ದಶಕದಲ್ಲಿ ಕೂತವರು, ಜಗಳವಾಡಿ ಸುಸ್ತಾಗಿ, 2000ದ ಹೊತ್ತಿಗೆ ಐಇಸಿ 61158 ಎಂಬುದನ್ನು ಹೊರತಂದರು. ಮಾನದಂಡ ಒಂದೇ. ಒಳಗೆ ಎಂಟು ಬಗೆ. ಒಂದರ ಮಾತು ಇನ್ನೊಂದಕ್ಕೆ ತಿಳಿಯದು, ಆದರೆ ಸೋತವರು ಯಾರೂ ಇಲ್ಲ. ಸಾಧನಗಳನ್ನು ಹೊಂದಿಸುವ ವಿಷಯದಲ್ಲೂ ಎಫ್‌ಡಿಟಿ ಒಂದು ಬಣ, ಇಡಿಡಿಎಲ್ ಇನ್ನೊಂದು ಬಣ. ಎರಡನ್ನೂ ಕೂಡಿಸಲೆಂದು ಎಫ್‌ಡಿಐ ಬಂತು. ಈಗ ಒಟ್ಟು ಮೂರು.

ಮುಂದಿನ ಸಲ ಸೇಲ್ಸ್‌ನವರು ಬಂದಾಗ ಬ್ರೋಶರ್ ಪಕ್ಕಕ್ಕಿಟ್ಟು ಒಂದೇ ಒಂದು ಕೇಳಿ ನೋಡಿ. "ಲ್ಯಾಪ್‌ಟಾಪ್ ಕಾರಿನಲ್ಲೇ ಇರಲಿ ಸಾರ್. ಓಡುತ್ತಿರುವ ಲೈನಿನಿಂದ ಈ ಸಾಧನ ಬಿಚ್ಚಿ, ಹೊಸದು ಹಾಕಿ, ಮತ್ತೆ ಓಡಿಸಿ ತೋರಿಸಿ."

"ಖಂಡಿತ ಸಾರ್," ಅನ್ನುತ್ತಾರೆ. "ಅದಕ್ಕಂತಲೇ ನಮ್ಮಲ್ಲಿ ಒಂದು ಟೂಲ್ ಇದೆ. ಕೊಟೇಷನ್ ಕಳಿಸಲಾ?"