ಒಂದಿಂಚು ಕೆಳಗೆ

ನಮ್ಮ ಕಡೆ ಎತ್ತರದ ಮಾತಿಗೆ ಕೊನೆಯೆಂಬುದಿಲ್ಲ. ಜಮಖಂಡಿಯ ಯಾವ ಚಹಾದಂಗಡಿಯಲ್ಲಿ ಕೂತರೂ ಆಲಮಟ್ಟಿ ಅಣೆಕಟ್ಟಿನ ಎತ್ತರ ಬಂದೇ ಬರುತ್ತದೆ. ಈಗಿನ 519.60 ಮೀಟರ್ 524.256 ಆಗುವುದು ಯಾವಾಗ, ಆದರೆ ಬೀಳಗಿಯ ಯಾರ ಹೊಲಕ್ಕೆ ನೀರು ನಿಲ್ಲುತ್ತದೆ, ಎಕರೆಗೆ ಪರಿಹಾರ ಎಷ್ಟು. ದಶಮಾಂಶದ ಮೂರನೆಯ ಸ್ಥಾನದವರೆಗೆ ಲೆಕ್ಕ ಬಾಯಿಪಾಠವಿರುವ ರೈತರು ಬೇರೆಲ್ಲಿ ಸಿಕ್ಕಾರು? ಶಾಲೆಯಲ್ಲಿ ಇದೇ ದಶಮಾಂಶವನ್ನು ಅವರ ಮಕ್ಕಳಿಗೆ ಕಲಿಸಲು ನಾನು ಪಟ್ಟ ಪಾಡು ನನಗೆ ಗೊತ್ತು. ಮುಧೋಳದಲ್ಲಿ ಹಂಗಾಮು ಶುರುವಾಯಿತೆಂದರೆ ಟ್ರೇಲರಿನ ಮೇಲೆ ಹೇರಿದ ಕಬ್ಬಿನ ಎತ್ತರ. ಕರೆಂಟಿನ ತಂತಿ ಮುಟ್ಟುವ ತನಕ ಅದು ಕಡಿಮೆಯೆಂದೇ ಲೆಕ್ಕ. ರಬಕವಿ-ಬನಹಟ್ಟಿಯ ಮಗ್ಗದವರಿಗೆ ನೂಲಿನ ದರ ಏರಿದ ಎತ್ತರದ್ದೇ ಚಿಂತೆ.

ಇಂಥ ನಾಡಿನಲ್ಲಿ ಹುಟ್ಟಿದ ನನ್ನ ತಮ್ಮನ ಮಗ ಒಂದು ದಿನ, "ಕಾಕಾ, ಗಾಡಿ ಕೆಳಗ ಇಳಸಬೇಕಂತ ಮಾಡೀನಿ" ಅಂದ. ಯಾವ ಗುಡ್ಡದ ಮೇಲೆ ಏರಿಸಿ ಬಂದಿದ್ದಾನೋ ಎಂದು ನಾನು ಗಾಬರಿಯಾದೆ. ಗಾಡಿ ಮನೆಯ ಮುಂದೆ ಬೇವಿನ ನೆರಳಿಗೇ ನಿಂತಿತ್ತು.

ಗಾಡಿಯೆಂದರೆ ಹಳೆಯ ಮಾರುತಿ ಎಸ್ಟೀಮ್. 1994ರಲ್ಲಿ ಬಂದು, 2008ರ ಸುಮಾರಿಗೆ ಡಿಜೈರ್‌ಗೆ ಜಾಗ ಬಿಟ್ಟುಕೊಟ್ಟ ಕಾರು. ನಾವು ನೌಕರಿಯಲ್ಲಿದ್ದಾಗ ಅದು ಡಾಕ್ಟರರ, ಸಕ್ಕರೆ ಕಾರ್ಖಾನೆಯ ಡೈರೆಕ್ಟರರ ವಾಹನ. ಹಿಂದಿನ ಸೀಟಿನಲ್ಲಿ ಒಬ್ಬರು ಗಂಭೀರವಾಗಿ ಕೂತಿರುತ್ತಿದ್ದರು. ಈಗ ಅದು ಇವನ ಬಾಯಲ್ಲಿ ಸ್ಪೋರ್ಟ್ಸ್ ಕಾರು.

"ನಾಕ್ ಬಾಗಲಾ ಅದಾವ, ಹಿಂದ ಜೋಳದ ಚೀಲ ಹಿಡಿಯೂವಷ್ಟು ಡಿಕ್ಕಿ ಐತಿ. ಸ್ಪೋರ್ಟ್ಸ್ ಕಾರ್ ಹೆಂಗಾತೋ ಇದು?" ಅಂದೆ.

"ಬಾಗಲಾ ಎಣಸಬ್ಯಾಡ್ರಿ ಕಾಕಾ, ಎಂಜಿನ್ ಕೇಳ್ರಿ."

ಕೇಳಿದೆ. ಅವನ ಮಾತು ಪೂರಾ ಸುಳ್ಳಲ್ಲ. 1.3 ಲೀಟರಿನ ಹದಿನಾರು ವಾಲ್ವಿನ ಎಂಜಿನ್, 85 ಅಶ್ವಶಕ್ತಿ, ಗಾಡಿಯ ತೂಕ ಒಂದು ಟನ್ನಿಗೂ ಕಡಿಮೆ. ದೇಶದ ರ‍್ಯಾಲಿಗಳಲ್ಲಿ ಧೂಳೆಬ್ಬಿಸಿದ ಜಾತಿಯೇ ಇದು. ಎರಡೇ ಸೀಟಿನ ನಿಜವಾದ ಸ್ಪೋರ್ಟ್ಸ್ ಕಾರೊಂದು, ಸ್ಯಾನ್ ಸ್ಟಾರ್ಮ್ ಎಂಬುದು, ಗೋವಾದಲ್ಲಿ ತಯಾರಾಗುತ್ತಿತ್ತಂತೆ. ಜಮಖಂಡಿಯಲ್ಲಿ ನಾನಂತೂ ಕಂಡಿಲ್ಲ. ಎರಡು ಸೀಟಿನ ಕಾರು ತಂದರೆ ಜಾತ್ರೆಗೆ ಹೋಗುವ ದಿನ ಯಾರನ್ನು ಬಿಡುವುದು, ಯಾರನ್ನು ಹತ್ತಿಸುವುದು? ನಮ್ಮ ಕಡೆ ಹುಡುಗನೊಬ್ಬ ಇಪ್ಪತ್ತು ವರ್ಷದ ಗಾಡಿ ಕೊಂಡು ಅದರ ಸೈಲೆನ್ಸರ್ ಬದಲಿಸಿದನೆಂದರೆ ಅದೇ ಸ್ಪೋರ್ಟ್ಸ್ ಕಾರು.

ಇಳಿಸುವುದು ಯಾಕೆ? ಅವನು ಶಾಸ್ತ್ರ ಹೇಳಿದ: ಭಾರ ನೆಲಕ್ಕೆ ಹತ್ತಿರವಾದಷ್ಟೂ ತಿರುವಿನಲ್ಲಿ ಗಾಡಿ ವಾಲುವುದು ಕಡಿಮೆ, ಚಕ್ರದ ಹಿಡಿತ ಹೆಚ್ಚು. ಗಣಿತದ ಮಾಸ್ತರನಾಗಿದ್ದವನು ಇದಕ್ಕೆ ಎದುರು ಹೇಳಲಾರ. ಆದರೆ ಅವನ ಕಣ್ಣು ನೆಟ್ಟಿದ್ದು ಭಾರದ ಕೇಂದ್ರದ ಮೇಲಲ್ಲ, ಗಾಲಿಗೂ ಮಡಗಾರ್ಡಿಗೂ ನಡುವಿನ ಸಂದಿಯ ಮೇಲೆ. ಆ ಸಂದಿಯಲ್ಲಿ ನಾಲ್ಕು ಬೆರಳು ಹೋಗುತ್ತಿದ್ದವು. ಎರಡೇ ಬೆರಳು ಹೋಗಬೇಕು ಎಂಬುದು ಅವನ ಜೀವನದ ಸದ್ಯದ ಗುರಿ.

ಈ ಹುಚ್ಚು ನಮ್ಮಲ್ಲೇ ಹುಟ್ಟಿದ್ದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೆಕ್ಸಿಕೋ ಮೂಲದ ಹುಡುಗರು ಹಳೆಯ ಕಾರುಗಳನ್ನು ನೆಲಕ್ಕೆ ತಾಗುವಷ್ಟು ಇಳಿಸಿ, ಬೇಕೆಂದೇ ನಿಧಾನವಾಗಿ ಬೀದಿ ಸುತ್ತುತ್ತಿದ್ದರು. ಗಾಡಿಯ ಯಾವ ಭಾಗವೂ ಗಾಲಿಯ ರಿಮ್ಮಿಗಿಂತ ಕೆಳಗೆ ಇರಬಾರದೆಂದು 1958ರಲ್ಲಿ ಸರ್ಕಾರ ಕಾನೂನು ತಂದಿತು. ಮರುವರ್ಷವೇ ರಾನ್ ಅಗೀರ್ ಎಂಬಾತ ತನ್ನ ಕಾರ್ವೆಟ್ ಕಾರಿಗೆ ಹೈಡ್ರಾಲಿಕ್ ಪಂಪು ಕೂಡಿಸಿದ. ಪೊಲೀಸರು ಕಂಡರೆ ಗುಂಡಿ ಒತ್ತಿ ಮೇಲೆ, ಅವರು ಹೋದರೆ ಮತ್ತೆ ಕೆಳಗೆ. 2024ರಲ್ಲಿ ಆ ನಿರ್ಬಂಧವೇ ರದ್ದಾಯಿತು. ಸಾಹೇಬರು ಬಂದಾಗ ಎದ್ದು ನಿಂತು, ಹೋದ ಮೇಲೆ ಕೂಡುವ ಕಲೆಯನ್ನು ನಮ್ಮ ಕಚೇರಿಗಳಲ್ಲಿ ಪಂಪಿಲ್ಲದೆಯೇ ಸಾಧಿಸಿದ್ದೇವೆ ಎಂಬುದು ಬೇರೆ ಮಾತು.

ಇಳಿಸಲು ದಾರಿ ಹಲವು. ಎಲ್ಲಕ್ಕೂ ಅಗ್ಗದ್ದು ಗ್ಯಾಸ್ ಕಟರು. ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸಿದರೆ ಗಾಡಿ ಕೂತುಬಿಡುತ್ತದೆ. ಇನ್ನೂ ಸೋಮಾರಿಗಳು ಸ್ಪ್ರಿಂಗನ್ನು ಬಿಚ್ಚದೆಯೇ ಕೆಂಪಗೆ ಕಾಯಿಸಿ, ಗಾಡಿಯ ಭಾರಕ್ಕೆ ತಾನೇ ಕುಸಿಯಲು ಬಿಡುತ್ತಾರೆ. ಹದ ಕೊಟ್ಟ ಉಕ್ಕು ಹದ ಕಳೆದುಕೊಂಡ ಮೇಲೆ ಎಡಗಡೆ ಒಂದಿಂಚು, ಬಲಗಡೆ ಒಂದೂವರೆ ಇಂಚು ಇಳಿದರೂ ಯಾರನ್ನು ಕೇಳುವುದು?

ಕತ್ತರಿಸುವುದರಲ್ಲಿ ಇನ್ನೊಂದು ಗಮ್ಮತ್ತಿದೆ. ಸ್ಪ್ರಿಂಗಿನ ಬಿಗುವು ಅದರ ತಂತಿಯ ದಪ್ಪದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರುತ್ತದೆ, ಸುತ್ತುಗಳ ಸಂಖ್ಯೆ ಹೆಚ್ಚಿದಂತೆ ಇಳಿಯುತ್ತದೆ. ಕೆಲಸ ಮಾಡುವ ಆರು ಸುತ್ತಿನಲ್ಲಿ ಒಂದನ್ನು ತೆಗೆದರೆ ಉಳಿದದ್ದು ಶೇಕಡಾ 20ರಷ್ಟು ಗಟ್ಟಿ. ಅಂದರೆ ಕತ್ತರಿ ಹಾಕಿದ ಮಿಸ್ತ್ರಿ ತನಗೆ ಅರಿವಿಲ್ಲದೆಯೇ ಸ್ಪ್ರಿಂಗನ್ನು ಬಿಗಿಗೊಳಿಸಿರುತ್ತಾನೆ. ಆದರೆ ಗಿಡ್ಡಾದ ಸ್ಪ್ರಿಂಗು ಗಾಲಿ ಗುಂಡಿಗೆ ಇಳಿದಾಗ ಸಡಿಲಾಗಿ ತನ್ನ ಕೂಡುವ ಬಟ್ಟಲಿನಿಂದ ಸರಿಯಬಹುದು. ಗುಂಡಿಯಿಂದ ಮೇಲೆ ಬಂದಾಗ ಅದು ಮತ್ತೆ ಬಟ್ಟಲಲ್ಲೇ ಕೂಡುತ್ತದೆಂದು ನಂಬುವುದು ದೇವರ ಮೇಲೆ ಭಾರ ಹಾಕಿದಂತೆ.

ಹುಡುಗ ಕತ್ತರಿಸುವವನಲ್ಲ, ಅಷ್ಟರ ಮಟ್ಟಿಗೆ ಜಾಣ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಎರಡಿಂಚು ಗಿಡ್ಡಾದ ಸ್ಪ್ರಿಂಗು ತರಿಸುವ ವಿಚಾರ ಮಾಡಿದ್ದ. ಶಾಕಾಬ್ಸರು? ಇದ್ದದ್ದೇ ಸಾಕಂತೆ.

ಇಲ್ಲಿ ನಮ್ಮ ಮಿಸ್ತ್ರಿ ಬಾಯಿ ಹಾಕಿದರು. ಮುಧೋಳ ರಸ್ತೆಯ ಈ ಮಿಸ್ತ್ರಿ ಹಗಲು ಟ್ರ್ಯಾಕ್ಟರಿಗೂ ಸಂಜೆ ಕಾರಿಗೂ ಕೈಹಾಕುವವರು. ಮಾತು ಕಡಿಮೆ, ಬಂದರೆ ತೂಕದ್ದು. "ಸ್ಪ್ರಿಂಗ್ ಗಿಡ್ಡ, ಶಾಕಾಬ್ಸರ್ ಉದ್ದ. ಹೆಂಗ್ ಕೂಡತೈತಿ ಮಾಸ್ತರ್ರ, ನೀವss ಹೇಳ್ರಿ" ಅಂದರು.

ಸ್ಪ್ರಿಂಗು ಮನೆಯ ಸಿಟ್ಟಿನ ಗಂಡಸು. ಶಾಕಾಬ್ಸರು ಆ ಸಿಟ್ಟನ್ನೆಲ್ಲ ನುಂಗಿ ಒಳಗೇ ಬಿಸಿಯಾಗುವ ಹೆಂಗಸು. ಗಂಡಸು ಎಗರುತ್ತಾನೆಂದು ಊರಿಗೆಲ್ಲ ಗೊತ್ತು, ಮನೆ ನಿಂತದ್ದು ಯಾರಿಂದ ಎಂದು ಯಾರೂ ಕೇಳುವುದಿಲ್ಲ. ಶಾಕಾಬ್ಸರಿನೊಳಗಿನ ಎಣ್ಣೆ ಸಣ್ಣ ತೂತುಗಳಲ್ಲಿ ನುಗ್ಗಿ, ಕುಲುಕಾಟವನ್ನು ಬಿಸಿ ಮಾಡಿ ಕಳೆಯುತ್ತದೆ. ಗಾಡಿ ಎರಡಿಂಚು ಇಳಿದರೆ ಅದರ ಪಿಸ್ಟನ್ನು ಸದಾ ಎರಡಿಂಚು ಕೆಳಗೇ ಓಡಾಡಬೇಕು. ದೊಡ್ಡ ಗುಂಡಿ ಬಂದರೆ ತಳಕ್ಕೆ ಬಡಿಯುತ್ತದೆ. ಸ್ಪ್ರಿಂಗು ಶೇಕಡಾ 20ರಷ್ಟು ಗಟ್ಟಿಯಾದರೆ ಅದನ್ನು ಹಿಡಿಯುವ ಶಕ್ತಿಯೂ ವರ್ಗಮೂಲದ ಲೆಕ್ಕದಲ್ಲಿ ಶೇಕಡಾ ಹತ್ತರಷ್ಟು ಏರಬೇಕು. ಆದ್ದರಿಂದಲೇ ತಿಳಿದವರು ಇವೆರಡನ್ನೂ ಜೋಡಿಯಾಗಿಯೇ ಆರಿಸುತ್ತಾರೆ. ಜರ್ಮನಿಯ ಬಿಲ್‌ಸ್ಟೈನ್ ಕಂಪನಿ ಇಳಿಸಿದ ಗಾಡಿಗಳಿಗೆಂದೇ ಗಿಡ್ಡ ಶಾಕಾಬ್ಸರು ಮಾಡುತ್ತದೆ. ಅದು ಎಸ್ಟೀಮಿಗೆ ಹುಡುಕಿದರೆ ಸಿಕ್ಕೀತೋ ಇಲ್ಲವೋ, ಸಿಕ್ಕರೂ ಅದರ ಬೆಲೆಗೆ ಇನ್ನೊಂದು ಎಸ್ಟೀಮೇ ಬಂದೀತು.

ಇನ್ನೊಂದು ತೊಡಕನ್ನು ಮಿಸ್ತ್ರಿ ಗಾಡಿಯ ಕೆಳಗೆ ಮಲಗಿ ಬ್ಯಾಟರಿ ಬಿಟ್ಟು ತೋರಿಸಿದರು. ಎಸ್ಟೀಮಿನ ಮುಂದಿನ ಗಾಲಿ ಮ್ಯಾಕ್‌ಫರ್ಸನ್ ಸ್ಟ್ರಟ್ಟಿನದು. ಅದರ ಲೋವರ್ ಆರ್ಮು ಹೆಚ್ಚುಕಡಿಮೆ ಅಡ್ಡಲಾಗಿರಬೇಕು. ಗಾಡಿಯನ್ನು ತೀರಾ ಇಳಿಸಿದರೆ ಆರ್ಮಿನ ಗಾಲಿಯ ಕಡೆಯ ತುದಿ ಮೇಲಾಗುತ್ತದೆ. ಆಗ ಗಾಡಿ ವಾಲುವ ಅಕ್ಷವು ಭಾರದ ಕೇಂದ್ರಕ್ಕಿಂತಲೂ ವೇಗವಾಗಿ ಕೆಳಗೆ ಹೋಗುತ್ತದೆ. ವಾಲುವುದು ಕಡಿಮೆಯಾಗಲಿ ಎಂದು ಇಳಿಸಿದ ಗಾಡಿಗೆ ವಾಲುವ ಆಸೆ ಹೆಚ್ಚುತ್ತದೆ. ಜೊತೆಗೆ ಗಾಲಿಯ ತಲೆ ಒಳಕ್ಕೆ ಬಾಗಿ, ಟಯರಿನ ಒಳಅಂಚು ಬೇಗ ಸವೆಯುತ್ತದೆ. ಅಲೈನ್‌ಮೆಂಟ್ ಮಾಡಿಸದೆ ಬಿಟ್ಟರೆ ಹೊರಗಿನಿಂದ ಹೊಸದಾಗಿ ಕಾಣುವ ಟಯರು ಒಳಗಿನಿಂದ ತಂತಿ ಬಿಟ್ಟಿರುತ್ತದೆ.

"ಮುಧೋಳ ನಾಯಿ ನೋಡ್ರಿ" ಅಂದರು ಮಿಸ್ತ್ರಿ, ಕೆಳಗಿನಿಂದಲೇ. "2005ರಾಗ ಅಂಚೆ ಚೀಟಿ ಮ್ಯಾಲ ಬಂತು, ಮಿಲ್ಟ್ರಿಗೂ ಹೋತು. ಓಡೂದು ಅಂದ್ರ ಅದು. ಅದರ ಹೊಟ್ಟಿ ಎಂದರ ನೆಲಕ್ಕ ತಾಗತೈತೇನು?" ಹುಡುಗನ ಬಳಿ ಉತ್ತರವಿರಲಿಲ್ಲ. ನಾಯಿಗೆ ಡಾಂಬರಿನ ತಿರುವು ತಿಳಿಯದು ಎಂದು ಗೊಣಗಿದ, ಅಷ್ಟೇ.

ಈ ಚರ್ಚೆಯೆಲ್ಲ ಶಾಸ್ತ್ರದ್ದು. ತೀರ್ಪು ಕೊಡುವವನು ಬೇರೆ: ನಮ್ಮ ಓಣಿಯ ಹಂಪು. ರಸ್ತೆ ಉಬ್ಬು ಹೇಗಿರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಬರೆದಿಟ್ಟಿದೆ. ಎತ್ತರ 10 ಸೆಂ.ಮೀ., ಉದ್ದ 3.7 ಮೀಟರ್, 17 ಮೀಟರ್ ತ್ರಿಜ್ಯದ ಕಮಾನು. ಗಂಟೆಗೆ 25 ಕಿ.ಮೀ. ವೇಗದಲ್ಲಿ ಸುಖವಾಗಿ ದಾಟಬಹುದು. ಎಸ್ಟೀಮಿನ ಮುಂದಿನ ಹಿಂದಿನ ಗಾಲಿಗಳ ನಡುವೆ 2365 ಮಿ.ಮೀ. ಅಂತರ. ಅಂದರೆ ಇಡೀ ಗಾಡಿ ಆ ಉಬ್ಬಿನ ಮೇಲೆ ಹತ್ತಿ ನಿಲ್ಲುತ್ತದೆ. ಕಾಗದದ ಮೇಲೆ ಲೆಕ್ಕ ಹಾಕಿದೆ: ನಾಲ್ಕು ಗಾಲಿಯೂ ಕಮಾನಿನ ಮೇಲಿರುವಾಗ ಹೊಟ್ಟೆಗೆ ಬೇಕಾದ ಜಾಗ ನಾಲ್ಕು ಸೆಂ.ಮೀ.ಗೆ ಚೂರು ಜಾಸ್ತಿ, ಅಷ್ಟೇ. ಇಂಥ ಉಬ್ಬಿದ್ದರೆ ಎರಡಿಂಚೇನು, ಮೂರಿಂಚು ಇಳಿಸಿದರೂ ಚಿಂತೆಯಿಲ್ಲ.

ನಮ್ಮ ಓಣಿಯ ಹಂಪಿಗೆ ರೋಡ್ಸ್ ಕಾಂಗ್ರೆಸ್ಸಿನ ಪರಿಚಯವಿಲ್ಲ. ಅದು ಒಂದು ರಾತ್ರಿ, ಉಳಿದ ಕಾಂಕ್ರೀಟಿನಿಂದ, ಉಳಿದ ಉತ್ಸಾಹದಿಂದ ಹುಟ್ಟಿದ್ದು. ಟೇಪು ಹಿಡಿದೆವು: ಎತ್ತರ ಐದಿಂಚು, ಉದ್ದ ಎರಡೇ ಅಡಿ. ಮುಂದಿನ ಗಾಲಿ ದಾಟಿ, ಹಿಂದಿನದು ಇನ್ನೂ ಹತ್ತದಿರುವಾಗ ಐದಕ್ಕೈದು ಇಂಚೂ ನೇರ ಹೊಟ್ಟೆಗೆ. ಗಾಡಿಯ ಮೂಲ ಎತ್ತರ ಆರೂವರೆ ಇಂಚಿನ ಆಸುಪಾಸು. ಎರಡಿಂಚು ಇಳಿಸಿದರೆ ನಾಲ್ಕೂವರೆ. ಅರ್ಧ ಇಂಚು ಸಾಲದು. ಹಿಂದೆ ಮೂವರು ಕೂತರಂತೂ ಮುಗಿಯಿತು. ಮುಧೋಳ ರನ್ನನ ಊರು; ಗದಾಯುದ್ಧದಲ್ಲಿ ಪೆಟ್ಟು ಎಲ್ಲಿ ಬಿತ್ತೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ದುರ್ಯೋಧನನಿಗೆ ತೊಡೆ, ತಗ್ಗಿಸಿದ ಕಾರಿಗೆ ಎಣ್ಣೆಯ ಚೇಂಬರು.

ಹಂಪು ತಪ್ಪಿಸಿದರೂ ಎರೆಮಣ್ಣು ಬಿಡಬೇಕಲ್ಲ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಈ ಮಣ್ಣಿನ ಮೇಲೆ ಹಾಸಿದ ಡಾಂಬರು ಎರಡು ವರ್ಷಕ್ಕೆ ಅಲೆಯಾಗುತ್ತದೆ. ಅದರ ಮೇಲೆ ಎರಡೆರಡು ಟ್ರೇಲರಿನ ಕಬ್ಬು ಹಂಗಾಮಿನುದ್ದಕ್ಕೂ ಓಡಿದರೆ ಉಳಿಯುವುದು ಎರಡು ಹರಿ, ನಡುವೆ ಒಂದು ದಿಬ್ಬ. ಹೆದ್ದಾರಿಯ ಕೊರ್ತಿ-ಕೊಲ್ಹಾರ ಸೇತುವೆಯ ಮೇಲೆ ಮಾತ್ರ ಕೃಷ್ಣೆಯ ಹಿನ್ನೀರು ನೋಡುತ್ತ ಸಪಾಟಾಗಿ ಹೋಗಬಹುದು. ಅಲ್ಲಿಯೂ ಜೋಡಿನ ಸಂದಿ ಬಂದಾಗೊಮ್ಮೆ ಗಟ್ಟಿ ಸ್ಪ್ರಿಂಗಿನ ಗಾಡಿ ಬೆನ್ನುಮೂಳೆಗೆ ಲೆಕ್ಕ ಒಪ್ಪಿಸುತ್ತದೆ. ಗಾಡಿಯ ತೂಗು ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ ಇದ್ದರೆ ಮನುಷ್ಯನಿಗೆ ಹಿತ; ರೇಸಿನ ಗಾಡಿಗಳಲ್ಲಿ ಅದು ಎರಡು ದಾಟುತ್ತದೆ. ಆದರೆ ರೇಸಿನ ಗಾಡಿಯ ಹಿಂದಿನ ಸೀಟಿನಲ್ಲಿ ನಮ್ಮ ಅವ್ವ ಕೂಡುವುದಿಲ್ಲ.

ಕಾನೂನೂ ಒಂದಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು: ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆ ಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಒತ್ತಿ ಹೇಳಿತು. ಹದಿನೈದು ವರ್ಷ ದಾಟಿದ ಗಾಡಿ ಮರುನೋಂದಣಿಗೆ ಕೆಎ-48ರ ಕಚೇರಿಯ ಅಂಗಳದಲ್ಲಿ ನಿಲ್ಲಲೇಬೇಕು. ಅಲ್ಲಿ ಕ್ಯಾಲಿಫೋರ್ನಿಯಾದ ಗುಂಡಿ ನಡೆಯುವುದಿಲ್ಲ. ಮೊದಲೇ ಹೋಗಿ ಕೇಳಿ ಬಾ ಎಂದು ಕಳಿಸಿದೆ. ಸ್ಪ್ರಿಂಗು, ಶಾಕಾಬ್ಸರು ಸವೆದರೆ ಬದಲಿಸಲೇಬೇಕಲ್ಲ, ಗಾಡಿಯ ರೂಪ ಕೆಡಿಸಬೇಡ ಎಂಬಷ್ಟು ಬುದ್ಧಿಮಾತು ಕೇಳಿಕೊಂಡು ಬಂದ.

ಕೊನೆಗೆ ಪಂಚಾಯಿತಿ ಕೂತು ತೀರ್ಮಾನವಾಯಿತು. ಒಂದಿಂಚು, ಅದಕ್ಕಿಂತ ಒಂದು ಕೂದಲೂ ಹೆಚ್ಚಿಲ್ಲ. ಕತ್ತರಿಸಿದ್ದಲ್ಲ, ಅಳತೆಗೆ ಸುತ್ತಿದ ಸ್ಪ್ರಿಂಗು. ಬಿಗುವು ಸ್ವಲ್ಪ ಹೆಚ್ಚು, ಮಂದಿ ಕೂತಾಗ ಗಾಡಿ ಹೆಚ್ಚು ಕುಸಿಯದಿರಲಿ ಎಂದು. ನಾಲ್ಕೂ ಹೊಸ ಶಾಕಾಬ್ಸರು. ಬಿರಿದುಹೋಗಿದ್ದ ಲೋವರ್ ಆರ್ಮಿನ ಬುಶ್ಶುಗಳು, ಪುಡಿಯಾಗಿದ್ದ ಬಂಪ್ ಸ್ಟಾಪು, ಸ್ಟ್ರಟ್ಟಿನ ಮೇಲಿನ ರಬ್ಬರು, ಎಲ್ಲ ಬದಲು. ಕೊನೆಗೆ ಅಲೈನ್‌ಮೆಂಟು, ಹೆಡ್‌ಲೈಟಿನ ದಿಕ್ಕು. ಬಿಚ್ಚಿದ ಹಳೆಯ ಶಾಕಾಬ್ಸರನ್ನು ಮಿಸ್ತ್ರಿ ಒಂದೇ ಕೈಯಲ್ಲಿ ಒತ್ತಿದರು. ಒಳಗೆ ಹೋದದ್ದು ಹೊರಗೆ ಬರಲೇ ಇಲ್ಲ. ಅದರ ಎಣ್ಣೆ ಯಾವ ಕಾಲದಲ್ಲಿ ಯಾವ ರಸ್ತೆಗೆ ಸುರಿದಿತ್ತೋ.

ಮೊದಲ ಸವಾರಿ ಮಹಾಲಿಂಗಪುರದ ದೇವರಿಗೆ. ಅವ್ವ ಹಿಂದೆ, ಮಡಿಲಲ್ಲಿ ಮೊಸರಿನ ಡಬ್ಬಿ. ಓಣಿಯ ಹಂಪನ್ನು ಹುಡುಗ ಓರೆಯಾಗಿ, ಒಂದೊಂದೇ ಗಾಲಿ ಹತ್ತಿಸಿ ದಾಟಿಸಿದ. ತಿರುವುಗಳಲ್ಲಿ ಗಾಡಿ ನೆಟ್ಟಗೆ ನಿಂತಿತು, ಗುಂಡಿಗಳಲ್ಲಿ ಒಮ್ಮೆ ಕುಲುಕಿ ಸುಮ್ಮನಾಯಿತು. ಮರಳಿ ಬಂದ ಮೇಲೆ ಅವ್ವ, "ರಿಪೇರಿ ಚೊಲೊ ಆಗೇತಿ. ಮದಲ ಎಷ್ಟ್ ಜೋಲಿ ಹೊಡೀತಿತ್ತು" ಅಂದಳು. ಗಾಡಿ ಕೆಳಗೆ ಇಳಿದದ್ದು ಅವಳ ಗಮನಕ್ಕೇ ಬಂದಿರಲಿಲ್ಲ. ಗೆಳೆಯರ ಗಮನಕ್ಕೂ ಬರಲಿಲ್ಲವೆಂದು ಹುಡುಗನಿಗೆ ಒಳಗೊಳಗೇ ಸಂಕಟ. ಸಂದಿಯಲ್ಲಿ ಇನ್ನೂ ಮೂರು ಬೆರಳು ಹೋಗುತ್ತವೆ.

ಹಳೆಯ ಗಾಡಿ ಇಳಿಸಬೇಕೆಂದಿರುವ ಹುಡುಗರಿಗೆ ಮಾಸ್ತರನ ಮಾತಿಷ್ಟೆ. ಮೊದಲು ನಿಮ್ಮ ಓಣಿಯ ಹಂಪಿಗೆ ಟೇಪು ಹಿಡಿಯಿರಿ. ಆಮೇಲೆ ಸತ್ತ ಶಾಕಾಬ್ಸರು, ಹರಿದ ಬುಶ್ಶು ಬದಲಿಸಿ ಒಂದು ತಿಂಗಳು ಓಡಿಸಿ ನೋಡಿರಿ. ನೀವು ಹುಡುಕುತ್ತಿದ್ದ ಬಿಗುವು ಬಹುಪಾಲು ಅಲ್ಲೇ ಸಿಗುತ್ತದೆ. ಅಷ್ಟಾದ ಮೇಲೂ ಆಸೆ ಉಳಿದಿದ್ದರೆ, ಒಂದಿಂಚು ಸಾಕು.