ಪುನರನುರಾಗ ಮೀಮಾಂಸೆ

ಅಥಾತೋ ಬ್ಯಾಂಜೋ ಜಿಜ್ಞಾಸಾ.

ಬ್ಲೂಗ್ರಾಸ್ ಎಂಬುದು ಕೆಂಟಕಿಯ ಬಿಲ್ ಮನ್ರೋ ಪ್ರವರ್ತಿಸಿದ ಸಂಗೀತ ಮತ. 1945ರ ಕೊನೆಯಲ್ಲಿ ಅರ್ಲ್ ಸ್ಕ್ರಗ್ಸ್ ಮೂರು ಬೆರಳಿನ ಬ್ಯಾಂಜೋ ಸಮೇತ ಆತನ ತಂಡ ಸೇರಿದ ಮೇಲೆಯೇ ಅದಕ್ಕೆ ಪೂರ್ಣರೂಪ ಬಂತೆಂದು ಸಂಪ್ರದಾಯಸ್ಥರು ಹೇಳುತ್ತಾರೆ. ಹಾಡಿನಲ್ಲಿ ತಾಯಿ ಸತ್ತಿರುತ್ತಾಳೆ, ಪ್ರಿಯತಮೆ ನದೀತೀರದಲ್ಲಿ ಕೊಲೆಯಾಗಿರುತ್ತಾಳೆ. ಬ್ಯಾಂಜೋ ಮಾತ್ರ ಮದುವೆಮನೆಗೆ ಹೊತ್ತಾಯಿತೆಂಬಂತೆ ಓಡುತ್ತಿರುತ್ತದೆ. ಕರುಣರಸಕ್ಕೆ ಇಷ್ಟು ವೇಗ ಹೇಗೆ ಒಗ್ಗಿತೆಂಬುದಕ್ಕೆ ಆಲಂಕಾರಿಕರಲ್ಲಿ ಉತ್ತರವಿಲ್ಲ. ಪಾಪ, ಅವರು ಬ್ಯಾಂಜೋ ಕೇಳಿದವರಲ್ಲ.

ಪ್ರಸ್ತುತ ವಿಷಯ ಇನ್ನೂ ಸೂಕ್ಷ್ಮ: ತಣ್ಣಗಾದ ಅಭಿಮಾನ ಹೊಸ ಆಲ್ಬಂನಿಂದ ಮತ್ತೆ ಹೊತ್ತಿಕೊಳ್ಳುವುದು. ಇದೇ ಮತದ ಗಾಯಕಿ ಅಲಿಸನ್ ಕ್ರಾಸ್ ಮತ್ತು ಆಕೆಯ ಯೂನಿಯನ್ ಸ್ಟೇಷನ್ ತಂಡ 2011ರಲ್ಲಿ ‘ಪೇಪರ್ ಏರ್‌ಪ್ಲೇನ್’ ಕೊಟ್ಟಿತು. ಅದರ ಮುಂದಿನ ‘ಆರ್ಕೇಡಿಯಾ’ ಬಂದದ್ದು 2025ರ ಮಾರ್ಚಿನಲ್ಲಿ. ಕಳೆದು ನೋಡಿದರೆ 14 ವರ್ಷ, ವನವಾಸವೆಂದರೂ ಇಷ್ಟೇ. ಅಷ್ಟೂ ಕಾಲ ಅಭಿಮಾನಿ ಹಳೆಯ ಸಿ.ಡಿ.ಯನ್ನು ಭರತ ಪಾದುಕೆಯನ್ನಿಟ್ಟಂತೆ ಕಪಾಟಿನಲ್ಲಿ ಇಟ್ಟಿದ್ದ. ಪೂಜೆ ತಪ್ಪಿತ್ತು ಅಷ್ಟೇ.

ವಿಪ್ರಲಂಭದಲ್ಲಿ, ಅಂದರೆ ವಿರಹದಲ್ಲಿ, ಪ್ರವಾಸ, ಮಾನ ಎಂಬ ಭೇದಗಳುಂಟು. ಪ್ರವಾಸದ ಬಗ್ಗೆ ತಕರಾರಿಲ್ಲ: ನಾಯಕಿ ಈ ನಡುವೆ, 2021ರಲ್ಲಿ, ಲೆಡ್ ಝೆಪೆಲಿನ್‌ನ ರಾಬರ್ಟ್ ಪ್ಲಾಂಟ್ ಜೊತೆ ಒಂದು ಆಲ್ಬಂ ಮಾಡಿ ಬಂದಳು. ಮಾನ, ಅಂದರೆ ಮುನಿಸು, ಹುಟ್ಟಿದ್ದು ಬೇರೆ ಕಾರಣಕ್ಕೆ. ತಂಡದಲ್ಲಿ ಡ್ಯಾನ್ ಟಿಮಿನ್ಸ್ಕಿ ಇಲ್ಲ! ‘ಓ ಬ್ರದರ್, ವೇರ್ ಆರ್ಟ್ ದೌ?’ ಚಿತ್ರದಲ್ಲಿ ಜಾರ್ಜ್ ಕ್ಲೂನಿಯ ತುಟಿಗೆ ಗಂಟಲು ಕೊಟ್ಟವನು ಈತನೇ. ಈಗ ಆ ಜಾಗದಲ್ಲಿ ರಸೆಲ್ ಮೂರ್. ರಾಮ ಕಾಡಿನಿಂದ ಲಕ್ಷ್ಮಣನನ್ನೇ ಬದಲಾಯಿಸಿಕೊಂಡು ಬಂದಿದ್ದರೆ ಅಯೋಧ್ಯೆಯವರು ತೋರಣ ಕಟ್ಟುತ್ತಿದ್ದರೇ? ಇದು ಪೂರ್ವಪಕ್ಷ.

ಸಾಲದ್ದಕ್ಕೆ ಮೊದಲ ಹಾಡಿನ ಹೆಸರು ‘ಲುಕ್ಸ್ ಲೈಕ್ ದಿ ಎಂಡ್ ಆಫ್ ದಿ ರೋಡ್’. ಬಂದದ್ದೋ ಹೊರಟದ್ದೋ ಎಂಬಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ.

ಇನ್ನು ಪ್ರಯೋಗ. ಅಭಿಮಾನಿ ಕೈಕಟ್ಟಿ, ಹುಬ್ಬು ಗಂಟಿಕ್ಕಿ ಕೂತ. ಅಲಿಸನ್‌ಳ ಉಸಿರು ಬೆರೆತ ಸಣ್ಣ ದನಿ ಬಂತು, ಹುಬ್ಬು ಕದಲಲಿಲ್ಲ. ತಂಡದ ಜೆರ್ರಿ ಡಗ್ಲಸ್ ಅಡ್ಡ ಹಿಡಿದ ಡೋಬ್ರೊ ಗಿಟಾರಿನ ತಂತಿಗಳ ಮೇಲೆ ಉಕ್ಕಿನ ತುಂಡನ್ನು ಜಾರಿಸಿದ. ಒಳಗಿನ ಅಲ್ಯೂಮಿನಿಯಂ ಶಂಕು ಆ ಸ್ವರವನ್ನು ನಡುಗಿಸಿ ಹೊರಗೆ ಬಿಟ್ಟಿತು. ಕಟ್ಟಿದ ಕೈ ಬಿಚ್ಚಿಕೊಂಡಿತು. ಆಮೇಲೆ ಮೂರ್ ‘ಗ್ರಾನೈಟ್ ಮಿಲ್ಸ್’ ಹಾಡಿದ. 1874ರಲ್ಲಿ ಮ್ಯಾಸಚೂಸೆಟ್ಸ್‌ನ ಫಾಲ್ ರಿವರ್‌ನಲ್ಲಿ ಹತ್ತಿ ಗಿರಣಿಗೆ ಬೆಂಕಿ ಬಿದ್ದು ಬಾಲಕಾರ್ಮಿಕರು ಸತ್ತ ಕಥೆ ಅದು. ಇಲ್ಲಿ ಶಾಸ್ತ್ರ ಕೊಂಚ ಹೊತ್ತು ಬಾಯಿ ಮುಚ್ಚಿಕೊಳ್ಳುವುದು ಲೇಸು.

ನಿಜವಾದ ಸಮಸ್ಯೆ ಶುರುವಾದದ್ದು ಆಮೇಲೆ. ಹೊಸದು ಹಿಡಿಸಿದ್ದೇ ತಡ, ಅಭಿಮಾನಿ ಹಳೆಯದಕ್ಕೆ ಓಡಿದ. ಟಿಮಿನ್ಸ್ಕಿಯ ಮರೆಯಲ್ಲಿ ಇಷ್ಟು ವರ್ಷ ಕೇಳಿಸದಿದ್ದ ಬ್ಯಾರಿ ಬೇಲ್ಸ್‌ನ ಬಾಸ್, ರಾನ್ ಬ್ಲಾಕ್‌ನ ಬ್ಯಾಂಜೋ ಈಗ ಕಿವಿಗೆ ಬಿದ್ದವು. ಅಂದರೆ 2025ರ ಆಲ್ಬಂ 2011ರದ್ದನ್ನು ಚೆನ್ನಾಗಿಸಿತು. ಕಾರಣಕ್ಕಿಂತ ಕಾರ್ಯ 14 ವರ್ಷ ಮೊದಲೇ ಬಂದುಬಿಟ್ಟರೆ ನೈಯಾಯಿಕರ ಗತಿ ಏನು? ‘ನಾನು ಯಾವತ್ತು ಬಿಟ್ಟಿದ್ದೆ?’ ಎಂಬ ಅಭಿಮಾನಿಯ ಮಾತನ್ನು ಶಬ್ದಪ್ರಮಾಣವೆಂದು ಒಪ್ಪಲಾಗದು. ಕಪಾಟಿನ ಧೂಳು ಪ್ರತ್ಯಕ್ಷಪ್ರಮಾಣ.

ಸಿದ್ಧಾಂತ ಹೇಳುವ ಹೊತ್ತಿಗೆ ಹೊಸ ತೊಡಕು. ಈ ಮೂರ್ 1991ರಿಂದಲೇ ‘ಥರ್ಡ್ ಟೈಮ್ ಔಟ್’ ಎಂಬ ಸ್ವಂತ ತಂಡ ಕಟ್ಟಿಕೊಂಡಿದ್ದಾನಂತೆ. ಅಭಿಮಾನಿ ಈಗ ಅವರ ಆಲ್ಬಂಗಳನ್ನು ಮೊದಲಿನಿಂದ ಕೇಳಲು ಕೂತಿದ್ದಾನೆ. ಅವನು ಏಳುವವರೆಗೆ ಸಿದ್ಧಾಂತವನ್ನು ಮುಂದೂಡಲಾಗಿದೆ.